ಕಲಾಯಿ ಹಾಕಿದ ಸೌಟು

ತುರುವನೂರು ಎಂದೊಡನೆ ದುರ್ಗದ ಕಡೆಯವರಿಗೆ 1939ರ ಈಚಲು ಮರ ಕಡಿಯುವ ಚಳವಳಿ ನೆನಪಾಗುತ್ತದೆ. ಅದು ಬರೆದಿಟ್ಟ ಚರಿತ್ರೆ. ಯಾರೂ ಬರೆದಿಡದ ಇನ್ನೊಂದು ಚರಿತ್ರೆ ನಮ್ಮ ಅಡಿಗೆಮನೆಗಳಲ್ಲಿತ್ತು. ಅದು ಕಲಾಯಿಯದು.

ತಾಮ್ರ, ಹಿತ್ತಾಳೆ ನೀರಿಗೆ ಒಗ್ಗುತ್ತವೆ, ಹುಳಿಗೆ ಒಗ್ಗುವುದಿಲ್ಲ. ಸಾರು, ಮಜ್ಜಿಗೆ ಅವುಗಳಲ್ಲಿ ನಿಂತರೆ ಲೋಹ ಕರಗಿ ರಸಕ್ಕಿಳಿಯುತ್ತದೆ. ಬಾಯಿ ಒಗರಾಗಿ ಹೊಟ್ಟೆ ತೊಳಸುತ್ತದೆ. ಇದಕ್ಕೇ ಕಿಲುಬು ಎಂದು ಹೆಸರು. ನಮ್ಮಜ್ಜಿ ಎಲ್ಲಕ್ಕಿಂತ ಮೊದಲು ಸೌಟಿಗೆ ಕಲಾಯಿ ಹಾಕಿಸುತ್ತಿದ್ದಳು. ಕುದಿಯುವ ಸಾರನ್ನು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ಉಪ್ಪು ಹುಳಿ ನೋಡುವುದು ಅದರಿಂದಲೇ. "ರುಚಿ ನೋಡೋ ಸೌಟೇ ಕಿಲುಬಾದ್ರೆ ಸಾರಿನ ತಪ್ಪೋ ಸೌಟಿನ ತಪ್ಪೋ ಹೆಂಗೆ ಗೊತ್ತಾಗಬೇಕು?" ಎನ್ನುತ್ತಿದ್ದಳು.

ಕಲಾಯಿ ಸಾಬರು ಬೇವಿನ ಮರದಡಿ ಗುಂಡಿ ತೋಡಿ, ಇದ್ದಿಲು ತುಂಬಿ ತಿದಿ ಹೂಡುತ್ತಿದ್ದರು. ಉಜ್ಜಿ ತೊಳೆದ ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ಆ ಪುಡಿ ಲೋಹದ ಮೇಲಿನ ಕಿಟ್ಟವನ್ನು ಬಿಡಿಸುತ್ತದೆ. ಇಲ್ಲದಿದ್ದರೆ ತವರ ಹಿಡಿಯದು. ತವರ 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ, ತಾಮ್ರಕ್ಕೆ 1085 ಬೇಕು. ಈ ಅಂತರವೇ ಕಸುಬಿನ ಆಧಾರ. ತವರದ ಕಡ್ಡಿ ತಾಕಿಸಿ ಹತ್ತಿಯಿಂದ ಒರೆಸಿದರೆ ಒಳಮೈ ಬೆಳ್ಳಗಾಗುತ್ತಿತ್ತು. ತವರಕ್ಕೆ ಸೀಸ ಬೆರೆಸಿದರೆ ಖರ್ಚು ಕಡಿಮೆ. ಆದರೆ ಸೀಸ ವಿಷ, ಕಣ್ಣಿಗೆ ಕಾಣದು. ಹೀಗಾಗಿ ಜನ ಗುರುತಿನವರಿಗೇ ಪಾತ್ರೆ ಕೊಡುತ್ತಿದ್ದರು.

ಈ ವಿದ್ಯೆ ಹಳೆಯದು. ಕ್ರಿ.ಶ. ಒಂದನೆಯ ಶತಮಾನದ ರೋಮಿನ ಪ್ಲಿನಿ, ಇಂಥ ಲೇಪದಿಂದ ತಾಮ್ರದ ಪಾತ್ರೆಯ ರುಚಿ ಸುಧಾರಿಸುತ್ತದೆ, ಕಿಲುಬು ತಡೆಯುತ್ತದೆ ಎಂದು ಬರೆದಿದ್ದಾನೆ. ನಮ್ಮ ಜಿಲ್ಲೆಯಲ್ಲಿ ತಾಮ್ರವುಂಟು. ದುರ್ಗದ ಬಳಿಯ ಇಂಗಳದಾಳದಲ್ಲಿ ಅದರ ಗಣಿ ನಡೆದಿತ್ತು. ತವರವೋ ಮಲಯದಂಥ ದೂರದ ಸೀಮೆಯ ಸರಕು.

1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ. ಆ ಕ್ರೋಮಿಯಂ ಗಾಳಿಯೊಡನೆ ಸೇರಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಗೀರಿದರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಹಾಲಿಗೆ ತಾಮ್ರದ ಸೋಂಕು ತುಸು ತಗುಲಿದರೂ ಜಿಡ್ಡು ಕೆಟ್ಟು ವಾಸನೆ ಬರುತ್ತದೆ. ಆದ್ದರಿಂದ ಡೇರಿಯಲ್ಲಿ ಹಾಲಿನ ಮಾದರಿ ತೆಗೆಯುವ ಸೌಟಿಗೂ ಸ್ಟೀಲೇ ಸರಿಯಾಯಿತು. ಮನೆಮನೆಗೆ ಸ್ಟೀಲು ಬಂದ ಮೇಲೆ ಬೇವಿನ ಮರದಡಿಯ ತಿದಿ ನಿಂತಿತು.

ಅದಕ್ಕಾಗಿ ನಾನು ಹಲುಬುವುದಿಲ್ಲ. ಸ್ಟೀಲು ಹೆಂಗಸರ ಎಷ್ಟೋ ದುಡಿತವನ್ನು ಕಡಿಮೆ ಮಾಡಿದೆ. ಆದರೆ ಈಗ ಆರೋಗ್ಯದ ಹೆಸರಿನಲ್ಲಿ ತಾಮ್ರ ಮತ್ತೆ ಮನೆಗೆ ಬರುತ್ತಿದೆ. ನೀರಿಗಾದರೆ ಸರಿ. ಕಲಾಯಿ ಇಲ್ಲದ ಚೊಂಬಿನಲ್ಲಿ ನಿಂಬೆ ಪಾನಕ, ಮಜ್ಜಿಗೆ ಇಡುವುದನ್ನೂ ಕಂಡಿದ್ದೇನೆ. ಪಾತ್ರೆ ಹಿಂತಿರುಗಿತು, ಅದರ ಜೊತೆಗಿದ್ದ ಎಚ್ಚರ ಹಿಂತಿರುಗಲಿಲ್ಲ.