ವಾಲ್ವ್ ಸರ್ಕ್ಯೂಟುಗಳ ಹೆಸರಿನ ಹಿಂದೆ

ಅಜ್ಜನ ಕಾಲದ ರೇಡಿಯೋದ ಹಿಂಬದಿಯ ರಟ್ಟನ್ನು ಬಿಚ್ಚಿದಾಗ ಬೆರಳುದ್ದದ ಗಾಜಿನ ವಾಲ್ವೊಂದು ಕಂಡಿತು. ಮೇಲೆ 'ಇಎಲ್ 84' ಎಂಬ ಬರಹ, ಜೊತೆಗೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನ ಮುದ್ರೆ. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿ ಆರಂಭವಾಗಿತ್ತು. ಆ ಬರಹದ ಅರ್ಥವೇನೆಂದು ಹುಡುಕಹೊರಟವನು ನಾನು ಇತಿಹಾಸದೊಳಕ್ಕೇ ಹೋಗಿ ನಿಂತೆ.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ತನ್ನ ಉಪಕರಣಕ್ಕೆ 'ವಾಲ್ವ್' ಎಂದ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ ಎಂದು ಅದರ ಭಾವ. ಅಮೆರಿಕದವರು ಇದನ್ನೇ 'ಟ್ಯೂಬ್' ಎಂದರು. ಅಲ್ಲಿನ ಲೀ ಡಿ ಫಾರೆಸ್ಟ್ ಒಳಗೊಂದು ತಂತಿಯ ಜಾಲರಿಯನ್ನು ಸೇರಿಸಿದ ಮೇಲೆ, ಸಣ್ಣ ಸಂಕೇತದಿಂದ ದೊಡ್ಡ ಪ್ರವಾಹವನ್ನು ಹತೋಟಿಯಲ್ಲಿಡುವುದು, ಎಂದರೆ ಧ್ವನಿಯನ್ನು ವರ್ಧಿಸುವುದು ಸಾಧ್ಯವಾಯಿತು.

ಯುರೋಪಿನ ಕ್ರಮದಲ್ಲಿ 'ಇ' ಎಂದರೆ ಒಳಗಿನ ಹೀಟರಿಗೆ 6.3 ವೋಲ್ಟ್ ಬೇಕು; 'ಎಲ್' ಎಂದರೆ ಸ್ಪೀಕರನ್ನು ನಡೆಸಬಲ್ಲ ಪೆಂಟೋಡ್; 8 ಎಂದರೆ ಒಂಬತ್ತು ಕಡ್ಡಿಗಳ ಬುಡ. ಅದೇ ವಾಲ್ವಿಗೆ ಅಮೆರಿಕದಲ್ಲಿ '6ಬಿಕ್ಯೂ5' ಎಂಬ ಹೆಸರು. ವಸ್ತು ಒಂದೇ, ಹೆಸರು ಎರಡು.

ಸರ್ಕ್ಯೂಟುಗಳಿಗೂ ಹೆಸರುಗಳುಂಟು. ಮುಲ್ಲಾರ್ಡ್ ಕಂಪೆನಿ 1950ರ ದಶಕದಲ್ಲಿ ಪ್ರಕಟಿಸಿದ '5-10' ಎಂದರೆ ಐದು ವಾಲ್ವು, ಹತ್ತು ವಾಟ್. '3-3' ಎಂದರೆ ಮೂರು ವಾಲ್ವು, ಮೂರು ವಾಟ್. ಲೆಕ್ಕ ಬಲ್ಲ ಯಾರಿಗೂ ಅರ್ಥವಾಗುವ ಹೆಸರುಗಳಿವು. 1947ರ ಏಪ್ರಿಲ್ ಮತ್ತು ಮೇ ತಿಂಗಳ 'ವೈರ್‌ಲೆಸ್ ವರ್ಲ್ಡ್' ಸಂಚಿಕೆಗಳಲ್ಲಿ ವಿಲಿಯಮ್ಸನ್ ಎಂಬಾತ ಹದಿನೈದು ವಾಟ್‌ಗಳ ಒಂದು ಸರ್ಕ್ಯೂಟನ್ನು ವಿವರಿಸಿದ. ಅದು ಅವನ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು.

ನನ್ನನ್ನು ಹೆಚ್ಚು ಕಾಡಿದ್ದು 'ಅಲ್ಟ್ರಾ-ಲೀನಿಯರ್' ಎಂಬ ಹೆಸರು. ಟ್ರಯೋಡಿನಲ್ಲಿ ಧ್ವನಿ ಶುದ್ಧ, ಶಕ್ತಿ ಕಡಿಮೆ. ಪೆಂಟೋಡಿನಲ್ಲಿ ಶಕ್ತಿ ಹೆಚ್ಚು, ವಿಕೃತಿಯೂ ಹೆಚ್ಚು. ಪೆಂಟೋಡಿನ ಎರಡನೆಯ ಜಾಲರಿಯನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುವಿನ ಒಂದು ಬಿಂದುವಿಗೆ ಜೋಡಿಸಿದರೆ ಎರಡರ ಗುಣವೂ ಬಹುಮಟ್ಟಿಗೆ ದೊರೆಯುತ್ತದೆ. 1951ರಲ್ಲಿ ಅಮೆರಿಕದ ಹಾಫ್ಲರ್ ಮತ್ತು ಕೆರೋಸ್ ಇದನ್ನು ಬರೆದು, ಹೆಸರಿಟ್ಟು, ಜನಪ್ರಿಯಗೊಳಿಸಿದರು. ಆದರೆ ಈ ಜೋಡಣೆಗೆ 1937ರಲ್ಲೇ ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ ಪೇಟೆಂಟ್ ಅರ್ಜಿ ಹಾಕಿದ್ದ. 1931ರಲ್ಲಿ ಸ್ಟೀರಿಯೋ ಧ್ವನಿಯ ಪೇಟೆಂಟಿಗೆ ಅರ್ಜಿ ಹಾಕಿದವನೂ ಅವನೇ. 1942ರ ಜೂನ್ 7ರಂದು ರೇಡಾರ್ ಪರೀಕ್ಷೆಗೆ ಹೊರಟ ವಿಮಾನ ಉರುಳಿ ಅವನು ತೀರಿಕೊಂಡ. ಹೆಸರು ಹುಟ್ಟುವ ಹೊತ್ತಿಗೆ ಹೇಳಿಕೊಳ್ಳಲು ಅವನಿರಲಿಲ್ಲ.

ಹಾಫ್ಲರ್, ಕೆರೋಸರ ಶ್ರಮ ಇದರಿಂದ ಕಿರಿದಾಗುವುದಿಲ್ಲ. ಅವರು ಬರೆಯದಿದ್ದರೆ ಅಷ್ಟು ಮನೆಗಳಿಗೆ ಆ ಧ್ವನಿ ತಲಪುತ್ತಿರಲಿಲ್ಲ. ಆದರೂ ಬಳಕೆಗೆ ಬಂದ ಹೆಸರಿನ ಹಿಂದೆ ಇನ್ನೊಂದು ಹೆಸರು ಅಡಗಿರಬಹುದು. ಊರಿನ ಹೆಸರು ಬೋರ್ಡಿನ ಮೇಲೆ ಬೇರೆ ರೂಪ ತಾಳುವುದನ್ನು ಕಂಡ ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡನ್ನು ಓದೋಣ, ಹಳೆಯ ದಾಖಲೆಯನ್ನೂ ತೆರೆದು ನೋಡೋಣ.