ಬಂಡೆಯಿಂದ ಪರದೆಗೆ: ಬಾಗಲಕೋಟೆ ಪರಿಸರದಲ್ಲಿ ಬರಹದ ಭಾಷೆಯ ಆಯ್ಕೆ

ಸಾರ್ವಜನಿಕ ಬರಹವು ಯಾವ ಭಾಷೆಯಲ್ಲಿರಬೇಕು ಎಂಬುದನ್ನು ಬಹುಕಾಲ ನಿರ್ಧರಿಸಿದವರು ಬರೆಯಿಸಿದವರೇ ಹೊರತು ಓದುವವರಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಪರದೆಯ ಭಾಷೆಯನ್ನು ಬದಲಿಸುವ ಸೌಲಭ್ಯವು ಈ ಅಧಿಕಾರವನ್ನು ಓದುಗನಿಗೆ ವರ್ಗಾಯಿಸಿದಂತೆ ತೋರುತ್ತದೆ. ಈ ವರ್ಗಾವಣೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಬಾಗಲಕೋಟೆ ಜಿಲ್ಲೆಯ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಬಾದಾಮಿಯ ಕೋಟೆಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಕ್ರಿ.ಶ. 543ರ ಶಾಸನವೂ ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಕ್ರಿ.ಶ. 634ರ ಪ್ರಶಸ್ತಿಯೂ ಸಂಸ್ಕೃತದಲ್ಲಿವೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಸಂಸ್ಕೃತ ಶಾಸನವಿದ್ದರೆ, ಅದೇ ಗುಹೆಯಲ್ಲಿ ಅವನ ಗ್ರಾಮದಾನವನ್ನು ತಿಳಿಸುವ ಬರಹ ಕನ್ನಡದಲ್ಲಿದೆ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಎರಡೂ ಭಾಷೆಗಳು ಒಂದೇ ಬಂಡೆಯನ್ನು ಹಂಚಿಕೊಂಡಿವೆ. ಲಿಪಿಯನ್ನು ಬದಲಿಸದೆ ಭಾಷೆಯನ್ನು ಮಾತ್ರ ಬದಲಿಸಬಹುದೆಂಬುದನ್ನು ಈ ಬರಹಗಳು ತೋರಿಸುತ್ತವೆ. ದಾನದಂತಹ ವ್ಯವಹಾರವು ಸ್ಥಳೀಯರಿಗೆ ತಿಳಿಯಬೇಕಾದಾಗ ಅವರ ಭಾಷೆಗೆ ಬಂಡೆಯ ಮೇಲೆ ಸ್ಥಾನ ದೊರೆತಿತ್ತೆಂಬುದು ಗಮನಾರ್ಹ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಈ ಪ್ರದೇಶವು ಮುಂದೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯ ಮುಂದುವರಿಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂತಹವರ ಶ್ರಮದಿಂದ ಕನ್ನಡ ಶಾಲೆಗಳು ನೆಲೆಗೊಂಡವು. ಏಕೀಕರಣದ ನಂತರ 1963ರ ರಾಜ್ಯಭಾಷಾ ಕಾಯಿದೆ ಕನ್ನಡಕ್ಕೆ ಆಡಳಿತದ ಸ್ಥಾನ ನೀಡಿತು. 2000ದ ಹೊತ್ತಿಗೆ ರೂಪುಗೊಂಡ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡು, ಹುನಗುಂದದ ರೈತನಿಗೂ ತಾಲ್ಲೂಕು ಕಚೇರಿಯಲ್ಲಿ ಕನ್ನಡದ ಮುದ್ರಿತ ಪಹಣಿ ದೊರೆಯುವಂತಾಯಿತು.

ಗಣಕದ ಪರದೆಯಲ್ಲಿ ಕನ್ನಡ ಅಕ್ಷರ ಮೂಡಿದ್ದು ಒಂದು ಹಂತ. ಪರದೆಯ ಆದೇಶಗಳೇ ಕನ್ನಡವಾದದ್ದು ಇನ್ನೊಂದು ಹಂತ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನವಿತ್ತು. ಆದರೆ ಆಂಡ್ರಾಯ್ಡ್ ವ್ಯವಸ್ಥೆಯ ಪರದೆಭಾಷೆಗಳ ಪಟ್ಟಿಗೆ ಕನ್ನಡ ಸೇರಿದ್ದು 2014ರ ಐದನೆಯ ಆವೃತ್ತಿಯಲ್ಲಿ. ಇಡೀ ಫೋನಿನ ಭಾಷೆಯನ್ನು ಬದಲಿಸದೆ ಒಂದೊಂದು ಆ್ಯಪ್‌ಗೂ ಬೇರೆ ಭಾಷೆಯನ್ನು ಆರಿಸುವ ಏರ್ಪಾಡು 2022ರ ಹದಿಮೂರನೆಯ ಆವೃತ್ತಿಯಲ್ಲಿ ಬಂದಿತು.

ಈ ಆಯ್ಕೆಗೆ ಮಿತಿಗಳೂ ಉಂಟು. ಆ್ಯಪ್‌ನ ಪ್ರತಿಯೊಂದು ಮಾತನ್ನೂ ಅದನ್ನು ರೂಪಿಸಿದವರು ಮೊದಲೇ ಅನುವಾದಿಸಿ ಪಟ್ಟಿಮಾಡಿ ಇಟ್ಟಿರಬೇಕು. ಅನುವಾದವಿಲ್ಲದ ಕಡೆ ಮೂಲಭಾಷೆಯ ಮಾತೇ, ಬಹುಮಟ್ಟಿಗೆ ಇಂಗ್ಲಿಷ್, ಕಾಣಿಸಿಕೊಳ್ಳುತ್ತದೆ. ಭಾಷೆ ಬದಲಿಸುವ ದಾರಿಯೂ ಹಲವೊಮ್ಮೆ ಇಂಗ್ಲಿಷ್ ಸೂಚನೆಗಳ ಮೂಲಕವೇ ಸಾಗುತ್ತದೆ. ಅರ್ಥಾತ್, ಕನ್ನಡವನ್ನು ತಲುಪಲು ಇಂಗ್ಲಿಷ್ ಓದಬೇಕಾಗುತ್ತದೆ.

ಇದು ಕೇವಲ ಭಾಷಾಭಿಮಾನದ ಪ್ರಶ್ನೆಯಲ್ಲ. 2016ರ ಡಿಸೆಂಬರ್‌ನಲ್ಲಿ ಆರಂಭವಾದ ಭೀಮ್ ಆ್ಯಪ್ ಮೊದಲು ಹಿಂದಿ ಮತ್ತು ಇಂಗ್ಲಿಷ್‌ಗಳಲ್ಲಿತ್ತು. ಕನ್ನಡ ಮುಂತಾದ ಭಾಷೆಗಳು 2017ರಲ್ಲಿ ಸೇರಿದವು. ಯುಪಿಐ ಪಾವತಿಯಲ್ಲಿ ಹಣ ಕಳುಹಿಸಲು ಸಾಮಾನ್ಯವಾಗಿ ಪಿನ್ ಬೇಕು, ಪಡೆಯಲು ಬೇಡ. ಪರದೆ ಏನು ಕೇಳುತ್ತಿದೆ ಎಂಬುದು ಸ್ಪಷ್ಟವಾಗದಿದ್ದರೆ, ಸೀರೆಯ ಹಣ ಪಡೆಯಬೇಕಾದ ಇಳಕಲ್ಲಿನ ನೇಕಾರನು ತನ್ನ ಹಣವನ್ನೇ ಕಳೆದುಕೊಳ್ಳುವ ಸಂಭವವಿದೆ.

ಆದ್ದರಿಂದ ಪ್ರತಿ ಭಾಷೆಯ ಹೆಸರು ಅದರ ಲಿಪಿಯಲ್ಲೇ, ಆ್ಯಪ್‌ನ ಮೊದಲ ಪರದೆಯಲ್ಲೇ ಕಾಣಬೇಕು. ಹಣ, ಭೂಮಿ, ಒಪ್ಪಿಗೆಗಳಿಗೆ ಸಂಬಂಧಿಸಿದ ಮಾತುಗಳು ಮೊದಲು ಅನುವಾದವಾಗಬೇಕು. ಆ ಅನುವಾದವೂ ಬಳಕೆಯ ಕನ್ನಡದಲ್ಲಿರಬೇಕು. ದಾನದ ವಿವರವನ್ನು ಜನಭಾಷೆಯಲ್ಲಿ ಬರೆಯಿಸಿದ ಮಂಗಲೇಶನ ಕಾಲದ ವಿವೇಕವು ಇಂದಿನ ಆ್ಯಪ್‌ಗಳನ್ನು ರೂಪಿಸುವವರಿಗೂ ಅಗತ್ಯವಾಗಿದೆ. ಭಾಷೆಯ ಆಯ್ಕೆ ಓದುಗನ ಕೈಯಲ್ಲಿದೆ ಎನ್ನಬೇಕಾದರೆ, ಆ ಆಯ್ಕೆಯನ್ನು ತಲುಪುವ ದಾರಿಯೂ ಅವನ ಭಾಷೆಯಲ್ಲಿರುವುದು ಅವಶ್ಯ.