ಮಕ್ಕಳ ವೇಷ, ಧರ್ಮದ ರೊಕ್ಕ, ನಮ್ಮ ಮನ್ಯಾಗಿನ ಚವರಿ

ಹೋದ ವಾರ ಸಿಂದಗಿಯಿಂದ ನಮ್ಮ ಚಿಗವ್ವನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಸಣ್ಣ ಹುಡುಗಿಯರ ಸ್ಪರ್ಧಾ ಐತಂತ. ಕಿರೀಟ ಹಾಕ್ತಾರಂತ, ಬಂದ ರೊಕ್ಕದಾಗ ಅನಾಥ ಮಕ್ಕಳಿಗೆ ಒಂದಿಷ್ಟು ಕೊಡ್ತಾರಂತ. ಹುಡುಗಿಗೆ ಧೈರ್ಯ ಬರ್ತದ ಅಂತಾರ. ಕಳಸ್ಲೇನು?" ಅಂತ ಕೇಳಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಬರದು ಹೇಳ್ತೀನಿ ತಡಿ" ಅಂದೆ. ಅದಕ್ಕ ಇದು.

ಮಕ್ಕಳಿಗೆ ಬಣ್ಣ ಹಚ್ಚಿ ರಂಗದ ಮ್ಯಾಲ ನಿಲ್ಲಿಸಿ, ಬಂದ ರೊಕ್ಕ ಧರ್ಮಕ್ಕ ಹಾಕೋದು ಹೊಸಾದು ಅಂತ ತಿಳಕೊಂಡಿದ್ರ ತಪ್ಪು. ನಮ್ಮ ಕಡೆ ಅದು ಮುತ್ಯಾರ ಕಾಲದ್ದು.

ನಮ್ಮ ಆಯಿ ಗದಗಿನ ತವರಿನಾಕಿ. ರೊಟ್ಟಿ ಬಡಿಯುವಾಗ ಒಂದು ಮಾತು ಮತ್ತ ಮತ್ತ ಹೇಳ್ತಿದ್ದಳು: "ಕಣ್ಣಿಲ್ಲದ ಹುಡುಗರು ಹಾಡಿದ್ದು ಕೇಳಿ ಕಣ್ಣಿದ್ದವರು ಅತ್ತಿದ್ರು ನೋಡವಾ." ಅದು ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ. ಅದರ ಮೂಲ ಪುರುಷರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟಾ ಕಣ್ಣಿರಲಿಲ್ಲ. ಅವರಣ್ಣಗೂ ಇರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ಕರಕೊಂಡು ಹೋಗಿ ಸಂಗೀತ ಕಲಿಸಿದರು. ಮುಂದ ಗವಾಯಿಗಳು ತಾವೇ ಕುರುಡ ಮಕ್ಕಳನ್ನ, ಬಡ ಮಕ್ಕಳನ್ನ ಕೂಡಿಸಿಕೊಂಡು ಊರೂರು ತಿರುಗಿ ಕಲಿಸಿದರು. ಆದ್ರ ಅಷ್ಟು ಮಕ್ಕಳ ಹೊಟ್ಟಿಗೆ ಏನು ಮಾಡೋದು? ದಿನಾ ಎಷ್ಟು ರೊಟ್ಟಿ ಬೇಕು, ಎಷ್ಟು ಸೇರು ಜ್ವಾಳ ಬೇಕು ಅಂತ ಅಡಗಿ ಮಾಡೋರಿಗಷ್ಟ ಗೊತ್ತು. ಅದಕ್ಕ ನಾಟಕ ಕಟ್ಟಿದರು. ಆಟದಿಂದ ಬಂದ ರೊಕ್ಕದಾಗ ಆಶ್ರಮದ ಒಲಿ ಉರೀತು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಮ್ಯಾಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಹೊಣಿ ಹೊತ್ತರು. ಅವರಿಗೂ ಕೂಸಿದ್ದಾಗಲೇ ಕಣ್ಣು ಹೋಗಿದ್ದವು. ತಾವೇ ನಾಟಕ ಬರದರು, ಆಡಿಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಹೋದರು. ಭಕ್ತರು ಅವರನ್ನ ತಕ್ಕಡ್ಯಾಗ ಕೂಡ್ರಿಸಿ ನಾಣ್ಯದ ತುಲಾಭಾರ ಮಾಡ್ತಿದ್ದದ್ದು ನಿಮ್ಮೊಳಗೂ ಭಾಳ ಮಂದಿ ನೋಡೀರಿ. ಆ ನಾಣ್ಯನೂ ಮಕ್ಕಳ ಊಟಕ್ಕ.

ಇಲ್ಲೊಂದು ಮಾತು ನನ್ನ ಮನಸಿನ್ಯಾಗ ಕೂತೈತಿ. ಜೋಳಿಗಿ ಹಿಡಿಯೋದು ನಮ್ಮ ನಾಡಿನ್ಯಾಗ ಕಡಿಮಿ ಮಾತಲ್ಲ. ನಮ್ಮ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗಿ ಹಿಡಿದು ಬಿ.ಎಲ್.ಡಿ.ಇ. ಸಂಸ್ಥೆ ಬೆಳಿಸಿದವರು. ಆದ್ರ ಸ್ವಾಮಿಗಳು ಬೇಡೋದು ಬ್ಯಾರೆ, ಕೂಸು ಬೇಡೋದು ಬ್ಯಾರೆ. ಕಣ್ಣಿಲ್ಲದ ಹುಡುಗನ ಕೈಯಾಗ ತಾಟು ಕೊಟ್ಟು ಕೂಡ್ರಿಸಿದ್ರ ಮಂದಿ ರೊಕ್ಕ ಹಾಕ್ತಾರ, ಹಾಕಿ ಮುಖ ಹೊಳ್ಳಿಸ್ತಾರ. ಅದೇ ಹುಡುಗನ ಮುಂದ ಹಾರ್ಮೋನಿಯಂ ಇಟ್ರ ರೊಕ್ಕ ಕೊಟ್ಟು ಕುಂತು ಕೇಳ್ತಾರ. ಆಟ ಚಲೋ ಆಗದಿದ್ರ ನಾಳೆ ಯಾರೂ ಬರಾಂಗಿಲ್ಲ. ಹುಡುಗ ದುಡದು ಉಂಡಂಗ ಆತು. ಆತ್ಮವಿಶ್ವಾಸ ಅಂತ ಈಗ ದೊಡ್ಡ ಶಬ್ದ ಹಚ್ಚತೀವಿ. ನಮ್ಮ ಆಯಿ ಅದಕ್ಕ "ಎದಿ ಬರೋದು" ಅಂತಿದ್ದಳು.

ಕಣ್ಣಿದ್ದ ಮಕ್ಕಳಿಗೂ ಎದಿ ಬಂದದ್ದು ಅಲ್ಲೇ. ಮಲ್ಲಿಕಾರ್ಜುನ ಮನಸೂರ ಸಣ್ಣವರಿದ್ದಾಗ ನಾಟಕ ಕಂಪನಿ ಸೇರಿ ಪ್ರಹ್ಲಾದ, ಧ್ರುವ ಆಗಿ ಹಾಡಿದವರು. ಹೆಣ್ಣುಮಕ್ಕಳ ಕತಿ ಕೇಳಬ್ಯಾಡ್ರಿ. ಹೆಣ್ಣಿನ ಪಾರ್ಟು ಗಂಡಹುಡುಗರೇ ಮಾಡೋರು, ಏರಿದ ಹೆಣ್ಣಿಗೆ ಹೆಸರಿಟ್ಟು ಮಾತಾಡೋರು. ಆದ್ರೂ ಕೌಜಲಗಿ ನಿಂಗಮ್ಮ ಪಾರಿಜಾತದಾಗ ಕುಣದಳು. ನಮ್ಮ ಹಳೇ ಬಿಜಾಪುರ ಜಿಲ್ಲಾದ ಬೀಳಗಿ ಹುಡುಗಿ ಅಮೀರಬಾಯಿ ಮುಂಬೈಗೆ ಹೋಗಿ ಹಾಡಿ ಹೆಸರ ಮಾಡಿ ಬಂದು, ಬಿಜಾಪುರದಾಗ ಅಮೀರ ಟಾಕೀಜ ಕಟ್ಟಿಸಿದಳು. ಅಲ್ಲಿ ಸಿನಿಮಾ ನೋಡಿ ಬಂದ ಎಷ್ಟು ಮಂದಿಗೆ ಆ ಹೆಸರು ಒಬ್ಬ ಹೆಣ್ಣುಮಗಳದ್ದು ಅಂತ ಗೊತ್ತಿತ್ತೋ ಏನೋ!

ಈಗ ನಮ್ಮ ಓಣಿಯ ಮಾತಿಗೆ ಬರ್ತೀನಿ. ನಮ್ಮ ಕಡೆ ಮಕ್ಕಳ ದೊಡ್ಡ ಮೆರವಣಿಗಿ ಅಂದ್ರ ಬಸವ ಜಯಂತಿ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಶುರು ಮಾಡಿದ್ದು ಅದು. ಮುಂದ ಅವರು ನಮ್ಮ ಆಲಮಟ್ಟಿಗೇ ಬಂದು ನೆಲಸಿದರು. ಆಗ ಅಣೆಕಟ್ಟು ಇರಲಿಲ್ಲ. ಬಾಗೇವಾಡಿ ಅಂತೂ ಬಸವಣ್ಣನ ಹುಟ್ಟೂರು, ಅಲ್ಲಿ ಆ ದಿನದ ಸಂಭ್ರಮ ಹೇಳೋದೇ ಬ್ಯಾಡ. ಒಂದೊಂದು ಟ್ರಾಕ್ಟರಿನ್ಯಾಗ ಹತ್ತಾರು ಸಣ್ಣ ಬಸವಣ್ಣರು, ಅಕ್ಕಮಹಾದೇವಿಯರು. ಬಿಸಲಿಗೆ ವಿಭೂತಿ ಬೆವತು ಇಳೀತಿರ್ತದ, ಹತ್ತಿಯ ಗಡ್ಡ ಕಡೀತದ ಅಂತ ಅಲ್ಲಮಪ್ರಭು ಅಳ್ತಿರ್ತಾನ.

ವೇಷ ಕಟ್ಟೋದು ನಮ್ಮ ಕೆಲಸ. ಚೆನ್ನಮ್ಮನ ಖಡ್ಗಕ್ಕ ರಟ್ಟು, ಅದಕ್ಕ ಬೆಳ್ಳಿ ಕಾಗದ. ಓಬವ್ವಗ ಮಗ್ಗಲ ಮನಿ ಒನಕಿ. ಅಕ್ಕಮಹಾದೇವಿಗೆ ಚವರಿ. ನನ್ನ ಲಗ್ನದಾಗ ಹಾಕಿದ ಚವರಿ ಇಪ್ಪತ್ತು ವರ್ಷದಾಗ ಎಷ್ಟು ಅಕ್ಕಮಹಾದೇವಿಯರ ತಲಿಗೆ ಏರ್ಯಾದೋ ಲೆಕ್ಕ ಇಲ್ಲ. ಮುಂದ ಸರಕಾರದ ಪ್ರತಿಭಾ ಕಾರಂಜಿ ಬಂತು. ಛದ್ಮವೇಷ ತಾಲೂಕಿಗೆ, ಜಿಲ್ಲೆಗೆ ಏರಿತು, ನಮ್ಮ ಚವರಿನೂ ಬಸ್ಸು ಹತ್ತಿತು.

ಹುಳುಕೂ ಐತಿ, ಮುಚ್ಚಿಡೋದ್ಯಾಕ? ಒಂದು ವರ್ಷ ನಮ್ಮ ಓಣ್ಯಾಗ ಪಟ್ಟಿ ಜಾಸ್ತಿ ಕೊಟ್ಟವರ ಮಗನೇ ಬಸವಣ್ಣ ಆದ. ಮಾತು ಚಂದ ಬರ್ತಿದ್ದ ಬಡ ಹುಡುಗ ಹಿಂದ ಛತ್ರಿ ಹಿಡದ. ಬಸವಣ್ಣನ ಹೆಸರಿನ್ಯಾಗ ಹಿಂಗ! ಆ ದಿನ ನಾನೂ ಬಾಯಿ ತೆರೀಲಿಲ್ಲ, ಅದು ನನ್ನ ಮನಸ್ಸಿಗೆ ಇನ್ನೂ ಚುಚ್ಚತದ.

ಮುದ್ದೇಬಿಹಾಳದಾಗ ನನ್ನ ತಮ್ಮನ ಮಗಳು, ಮಾತು ತೊದಲ್ತಾಳ. ಸಾಲ್ಯಾಗ ಹಾಜರಿ ಕೂಗಿದ್ರ "ಬಂದೇನ್ರಿ" ಅನ್ನಾಕೂ ಕೈಕಾಲು ನಡಗೋವು. ಜಯಂತಿಗೆ ಆಕೀನ ವೇಷ ಹಾಕಿ ಸುಮ್ನ ನಿಲ್ಲಿಸೋಣ ಅಂದ್ರು. ಆಕಿ ಅವ್ವ ಒಪ್ಪಲಿಲ್ಲ. "ಹಾಡಿದ್ರ ತೊದಲಾಂಗಿಲ್ಲ, ಹಾಡಸ್ರಿ" ಅಂದಳು. ಖರೇನ, ತೊದಲೋ ಭಾಳ ಮಂದಿ ಹಾಡುವಾಗ ತೊದಲಾಂಗಿಲ್ಲ. ಹುಡುಗಿ ಕಣ್ಣ ಮುಚ್ಚಿ ಒಂದು ವಚನ ಪೂರಾ ಹಾಡಿದಳು. ಮರುದಿನ ಸಾಲ್ಯಾಗ ಮತ್ತ ತೊದಲಿದಳು, ಸುಳ್ಳ ಯಾಕ ಹೇಳ್ಲಿ. ಆದ್ರ ಕೈ ಎತ್ತಿ ತೊದಲಿದಳು. ಮೊದಲು ಕೈ ಎತ್ತತಿರಲಿಲ್ಲ.

ಸಿಂದಗಿ ತಂಗೀ, ಈಗ ನಿನಗ ಹೇಳ್ತೀನಿ. ಹೋಗಿ ಮೂರು ಮಾತು ಕೇಳು. ಹುಡುಗಿ ಅಲ್ಲಿ ಏನಾರ ಮಾಡಿ ತೋರಸ್ತಾಳೇನು, ಇಲ್ಲಾ ಬರೇ ಬಣ್ಣ, ಮಾರಿ ನೋಡಿ ಕಿರೀಟ ಹಾಕ್ತಾರೇನು? ನಾವು ಕಟ್ಟೋ ಫೀ ಯಾರ ಕಿಸೆಗೆ ಎಷ್ಟು, ಅನಾಥ ಮಕ್ಕಳಿಗೆ ಎಷ್ಟು? ಮತ್ತ ಆ ಅನಾಥ ಮಕ್ಕಳು ಬಂದ್ರ ಅವರನ್ನೂ ರಂಗದ ಮ್ಯಾಲ ಏರಸ್ತಾರೇನು, ಇಲ್ಲಾ ಕೆಳಗ ಕೂಡ್ರಿಸಿ ಬಿಸ್ಕೀಟ ಕೊಟ್ಟು ಫೋಟೋ ತಗೀತಾರೇನು? ಮೂರನೇ ಮಾತಿಗೆ ಅವರು ತಡವರಿಸಿದ್ರ ನಾನಂತೂ ಕಳಸಾಂಗಿಲ್ಲ. ನಿನ್ನ ಮಗಳು, ನೀ ನೋಡು.

ಮತ್ತೊಂದು. ನನ್ನ ಚವರಿ ಯಾರ ಮನ್ಯಾಗ ಉಳದೈತೋ ನೆನಪಿಲ್ಲ. ಹೋದ ಸಲ ಇಂಡಿ ಸ್ಟೇಶನ್ ಕಡೆಯವರು ಒಯ್ದಂಗ ಇತ್ತು. ಮುದ್ದೇಬಿಹಾಳದ ಹುಡುಗಿ ಈ ಸಲ ಅಕ್ಕಮಹಾದೇವಿ ಆಗ್ತೀನಿ ಅಂದಾಳ. ಜಯಂತಿಗಿಂತ ಎಂಟು ದಿನ ಮೊದಲ ಕಳಸ್ರಿ, ತೊಳದು ಎಣ್ಣಿ ಹಚ್ಚಬೇಕು.